ಜೀವವಿಮೆಯೂ ರೋಗಧನವೂ

ಜೀವವಿಮೆಯ ಹೆಸರಿನಲ್ಲಿ ಜೀವವೆಂಬ ಮಾತಿದ್ದರೂ ಬಹುಕಾಲ ಅದರ ಫಲವು ಮರಣವನ್ನೇ ಆಶ್ರಯಿಸಿಕೊಂಡಿದ್ದಿತು. ಕಂತು ಕಟ್ಟುವವನು ಒಬ್ಬ. ಹಣವನ್ನು ಪಡೆಯುವವರು ಅವನ ಹೆಂಡತಿ ಮಕ್ಕಳು. ನಿಯತವಾದ ವಯಸ್ಸು ತುಂಬಿದಾಗ ಹಣವನ್ನು ಸಲ್ಲಿಸುವ ಪದ್ಧತಿಯು ಬಳಿಕ ಬಳಕೆಗೆ ಬಂದಿತಾದರೂ, ಆರೋಗ್ಯಕ್ಕೂ ಸಾವಿಗೂ ನಡುವಣ ದೀರ್ಘವ್ಯಾಧಿಯ ಕಾಲಕ್ಕೆ ವಿಮಾಪತ್ರದಲ್ಲಿ ಎಡೆಯಿರಲಿಲ್ಲ. ದುಡಿಮೆ ನಿಂತು ವೆಚ್ಚವು ಇಮ್ಮಡಿಯಾಗುವುದು ಆ ಕಾಲದಲ್ಲಿಯೇ ಅಲ್ಲವೆ? ಈ ಕೊರತೆಗೆ ಪರಿಹಾರವು ದೊರೆತುದು 20ನೆಯ ಶತಮಾನದ ಕಡೆಯ ಭಾಗದಲ್ಲಿ. ವೈದ್ಯಶಾಸ್ತ್ರದ ಏಳಿಗೆಯೂ ಒಬ್ಬ ಶಸ್ತ್ರವೈದ್ಯನ ಮರುಕವೂ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಅದು ಸುಳ್ಳಲ್ಲ, ಆದರೆ ಅಷ್ಟೇ ಸಾಲದು. ವಿಮಾ ಕಂಪೆನಿಗಳನ್ನು ಅಷ್ಟು ಕಾಲ ತಡೆದು ನಿಲ್ಲಿಸಿದುದು, ರೋಗವನ್ನು ಅಳೆಯುವುದು ಹೇಗೆಂಬ ಪ್ರಶ್ನೆ.

ರೋಗಕ್ಕೆ ಹಣ ಕೊಡುವ ಪದ್ಧತಿಯೇ ಹೊಸದೆಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿ ಫ್ರೆಂಡ್ಲಿ ಸೊಸೈಟಿಗಳೆಂಬ ಪರಸ್ಪರ ಸಹಾಯ ಸಂಘಗಳು 18ನೆಯ ಶತಮಾನದಲ್ಲಿ ಊರೂರಿಗೂ ಹಬ್ಬಿದ್ದುವು. ಕಸಬುದಾರರೂ ಕೂಲಿಕಾರರೂ ಹೋಟೆಲು ಹೆಂಡದಂಗಡಿಗಳಲ್ಲಿ ಸೇರಿ ಪೆಟ್ಟಿಗೆಗೆ ಸಣ್ಣ ಸಣ್ಣ ಮೊತ್ತಗಳನ್ನು ಹಾಕುತ್ತಿದ್ದರು. ಹಾಸಿಗೆ ಹಿಡಿದವನಿಗೆ ಆ ಪೆಟ್ಟಿಗೆಯಿಂದ ವಾರವಾರವೂ ಹಣವು ಸಲ್ಲುತ್ತಿದ್ದಿತು. 1793ರಲ್ಲಿ ಜಾರ್ಜ್ ರೋಸನು ಮಂಡಿಸಿದ ಶಾಸನದಿಂದ ಇವುಗಳಿಗೆ ಕಾನೂನಿನ ಮನ್ನಣೆ ದೊರೆಯಿತು. ಇವುಗಳ ನಿಬಂಧನೆಗಳಲ್ಲಿ ಗಮನಿಸತಕ್ಕ ಒಂದಂಶವಿದೆ. ರೋಗಿಯನ್ನು ಸಂಘದವರು ಸರದಿಯಂತೆ ಹೋಗಿ ನೋಡಿ ಬರಬೇಕು. ರೋಗಧನವನ್ನು ಪಡೆಯುತ್ತಿರುವವನು ಕೆಲಸ ಮಾಡುತ್ತಲೋ ಕುಡಿಯುತ್ತಲೋ ಕಣ್ಣಿಗೆ ಬಿದ್ದರೆ ದಂಡ ತೆರಬೇಕು. ಎಂದರೆ ರೋಗದ ಅಳತೆಗೋಲು ನೆರೆಯವನ ಕಣ್ಣು. ರಿಚರ್ಡ್ ಪ್ರೈಸನು 1789ರಲ್ಲಿ ಈ ಸಂಘಗಳಿಗಾಗಿ ಕೋಷ್ಟಕಗಳನ್ನು ರಚಿಸಿಕೊಟ್ಟನು. ಸ್ಕಾಟ್ಲೆಂಡಿನ ಹೈಲೆಂಡ್ ಸೊಸೈಟಿಯು 1824ರಲ್ಲಿ ಸಂಘಗಳ ಲೆಕ್ಕಗಳನ್ನೇ ಕೂಡಿಸಿ ರೋಗದ ಕೋಷ್ಟಕಗಳನ್ನು ಪ್ರಕಟಿಸಿತು. 1911ರ ರಾಷ್ಟ್ರೀಯ ವಿಮಾ ಶಾಸನವು ಗಂಡಸರಿಗೆ ವಾರಕ್ಕೆ 10 ಷಿಲಿಂಗು, ಹೆಂಗಸರಿಗೆ 7 ಷಿಲಿಂಗು 6 ಪೆನ್ಸುಗಳಂತೆ 26 ವಾರಗಳವರೆಗೆ ರೋಗಧನವನ್ನು ಗೊತ್ತುಮಾಡಿತು. ಆಗ ನೆರೆಯವನ ಕಣ್ಣಿಗೆ ಬದಲಾಗಿ ವೈದ್ಯನ ಸಹಿಯು ಪ್ರಮಾಣವಾಯಿತು.

ಜೀವವಿಮಾ ಕಂಪೆನಿಗಳ ದಾರಿ ಬೇರೆ. ಎಡ್ಮಂಡ್ ಹ್ಯಾಲಿಯು 1693ರಲ್ಲಿ ಬ್ರೆಸ್ಲೌ ನಗರದ ಜನನ ಮರಣಗಳಿಂದ ರಚಿಸಿದ ಕೋಷ್ಟಕ, ಅದರ ಬಳಿಕ ಜೇಮ್ಸ್ ಡಾಡ್ಸನನ ಗಣಿತ, ಇವುಗಳ ಫಲವಾಗಿ 1762ರಲ್ಲಿ ಲಂಡನ್ನಿನಲ್ಲಿ ಈಕ್ವಿಟಬಲ್ ಸೊಸೈಟಿಯು ಹುಟ್ಟಿತು. ಮರಣವು ಒಂದೇ ಸಲ ಬರುವುದು; ಅದಕ್ಕೆ ತಿಥಿಯುಂಟು, ತರತಮವಿಲ್ಲ; ಅದನ್ನು ನಟಿಸುವುದು ಸುಲಭವಲ್ಲ. ರೋಗವೋ ಹೆಚ್ಚುವುದು, ತಗ್ಗುವುದು, ಮರುಕಳಿಸುವುದು. ದೂರದ ಪಟ್ಟಣದಲ್ಲಿ ಕುಳಿತ ಗುಮಾಸ್ತನಿಗೆ ರೋಗಿಯ ಬಾಗಿಲಲ್ಲಿ ಇಣಿಕಿ ನೋಡುವ ನೆರೆಯವನಿರಲಿಲ್ಲ. ಆದುದರಿಂದ ಕಂಪೆನಿಗಳು ಮರಣವನ್ನೇ ಹಿಡಿದುವು.

ಹೀಗಿರಲಾಗಿ ವಿಮೆಯಿದ್ದೂ ರೋಗದಲ್ಲಿ ಕೈ ಬರಿದಾದವನು ಏನು ಮಾಡಬೇಕು? ಅಮೆರಿಕದ ಸುಪ್ರೀಂ ಕೋರ್ಟು 1911ರಲ್ಲಿ ತೀರ್ಮಾನಿಸಿದ ಗ್ರಿಗ್ಸ್‌ಬಿ ಮತ್ತು ರಸೆಲ್ ಮೊಕದ್ದಮೆಯು ಇದಕ್ಕೆ ನಿದರ್ಶನ. ಬರ್ಚರ್ಡ್ ಎಂಬವನಿಗೆ ಶಸ್ತ್ರಚಿಕಿತ್ಸೆ ಆಗಬೇಕಾಗಿದ್ದಿತು; ಹಣವಿರಲಿಲ್ಲ. ಅವನು ತನ್ನ ವಿಮಾಪತ್ರವನ್ನು ಡಾಕ್ಟರ್ ಗ್ರಿಗ್ಸ್‌ಬಿಗೆ 100 ಡಾಲರಿಗೆ ಮಾರಿದನು. ಮುಂದಿನ ಕಂತುಗಳನ್ನು ಕೊಂಡವನೇ ಕಟ್ಟತಕ್ಕುದೆಂದು ಒಪ್ಪಂದವಾಯಿತು. ಬರ್ಚರ್ಡನು ಸತ್ತ ಮೇಲೆ ಹಣವು ಯಾರಿಗೆ ಸೇರಬೇಕೆಂಬುದು ವ್ಯಾಜ್ಯ. ವಿಮಾಪತ್ರವೂ ಉಳಿದ ಸ್ವತ್ತಿನಂತೆ ಸ್ವತ್ತೇ, ಅದನ್ನು ಮಾರಬಹುದು ಎಂದು ನ್ಯಾಯಾಧೀಶ ಹೋಮ್ಸನು ತೀರ್ಪಿತ್ತನು. ಒಬ್ಬನು ಬೇಗ ಸತ್ತರೆ ಲಾಭ ಪಡೆಯತಕ್ಕವನು ಅವನಿಗೆ ಚಿಕಿತ್ಸೆ ಮಾಡಬೇಕಾದ ವೈದ್ಯನೇ ಆಗಿದ್ದುದು ಈ ಕಥೆಯ ವೈಚಿತ್ರ್ಯ.

ಇದೇ ಕಾಲದಲ್ಲಿ ಅಮೆರಿಕದ ಕಂಪೆನಿಗಳು ಮತ್ತೊಂದು ಪ್ರಯತ್ನವನ್ನು ಮಾಡಿದುವು. ದುಡಿಯಲು ಶಾಶ್ವತವಾಗಿ ಅಸಮರ್ಥನಾದವನಿಗೆ, ವಿಮೆಯ ಪ್ರತಿ 1000 ಡಾಲರಿಗೂ ತಿಂಗಳಿಗೆ 10 ಡಾಲರಿನಂತೆ ಕೊಡುವೆವೆಂಬ ಷರತ್ತನ್ನು ಜೀವವಿಮೆಗೆ ಸೇರಿಸಿದುವು. 1929ರ ಆರ್ಥಿಕ ಕುಸಿತದ ಬಳಿಕ ಕೆಲಸವು ಇಲ್ಲವಾಗುತ್ತಲೇ ಅಸಮರ್ಥರ ಸಂಖ್ಯೆಯು ಏರಿತು. ಇವರೆಲ್ಲರೂ ಸುಳ್ಳರೆನ್ನಲಾಗದು, ಕೆಲಸವಿದ್ದಾಗ ಕುಂಟುತ್ತ ದುಡಿಯುವವನು ಕೆಲಸ ಹೋದಾಗ ರೋಗಿಯೇ ಸರಿ. ಕಂಪೆನಿಗಳು ಬಹಳ ನಷ್ಟಪಟ್ಟುವು. ಹಲವು ಆ ಷರತ್ತನ್ನೇ ಕೈಬಿಟ್ಟುವು. ಅಸಮರ್ಥತೆಯೆಂಬುದು ದೇಹದಲ್ಲಿ ಮಾತ್ರವಲ್ಲ, ಪೇಟೆಯಲ್ಲಿಯೂ ಇರುವುದೆಂಬುದು ಆಗ ತಿಳಿಯಿತು.

ತೊಡಕು ಬಿಡಿಸಿದುದು ದಕ್ಷಿಣ ಆಫ್ರಿಕದಲ್ಲಿ. 1967ರ ಡಿಸೆಂಬರಿನಲ್ಲಿ ಕೇಪ್‌ಟೌನಿನ ಗ್ರೂಟ್ ಷೂರ್ ಆಸ್ಪತ್ರೆಯಲ್ಲಿ ಕ್ರಿಶ್ಚಿಯನ್ ಬರ್ನಾರ್ಡನು ಮನುಷ್ಯನ ಹೃದಯವನ್ನು ಮತ್ತೊಬ್ಬನ ಎದೆಯಲ್ಲಿ ನೆಟ್ಟುದು ಲೋಕಪ್ರಸಿದ್ಧವಾಗಿದೆ. ಆ ತಂಡದಲ್ಲಿದ್ದ ಅವನ ತಮ್ಮ ಮೇರಿಯಸ್ ಬರ್ನಾರ್ಡನು (1927–2014) ಅಷ್ಟಾಗಿ ಪ್ರಸಿದ್ಧನಲ್ಲ. ಇವನು 1980ರಿಂದ 1989ರವರೆಗೆ ವರ್ಣಭೇದ ನೀತಿಯನ್ನು ವಿರೋಧಿಸಿದ ಪಕ್ಷದಿಂದ ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದನು. ಪುಪ್ಪುಸದ ಅರ್ಬುದಕ್ಕೆ ತನ್ನಿಂದ ಶಸ್ತ್ರಚಿಕಿತ್ಸೆ ಪಡೆದ ತಾಯಿಯೊಬ್ಬಳು, ರೋಗವು ಮರಳಿ ಬಂದು ಉಸಿರು ಕಟ್ಟುತ್ತಿದ್ದರೂ ಮಕ್ಕಳಿಗಾಗಿ ಕೆಲಸಕ್ಕೆ ಹೋಗುತ್ತಿದ್ದುದನ್ನು ಇವನು ಹಲವು ಸಲ ಹೇಳಿದ್ದಾನೆ. ವೈದ್ಯನು ದೇಹವನ್ನು ದುರಸ್ತಿ ಮಾಡಬಲ್ಲನೇ ಹೊರತು ಮನೆಯ ಲೆಕ್ಕವನ್ನಲ್ಲವೆಂಬುದು ಇವನ ವಾದ. 1983ರಲ್ಲಿ ಕ್ರುಸೇಡರ್ ಲೈಫ್ ಎಂಬ ಕಂಪೆನಿಯು ಇವನ ಸಲಹೆಯಂತೆ ಘೋರವ್ಯಾಧಿ ವಿಮೆಯನ್ನು ಹೊರಡಿಸಿತು. ಅದರಲ್ಲಿದ್ದುವು ನಾಲ್ಕೇ: ಹೃದಯಾಘಾತ, ಪಾರ್ಶ್ವವಾಯು, ಅರ್ಬುದ, ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ.

ಈ ಪಟ್ಟಿಯಲ್ಲಿಯೇ ಹೊಸತನವಿರುವುದು. ರೋಗಿಯು ದುಡಿಯಬಲ್ಲನೇ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಮರುದಿನವೇ ಕಚೇರಿಗೆ ಹೋದರೂ ಹಣವು ಸಲ್ಲತಕ್ಕುದೇ. ಕೇಳುವುದು ರೋಗದ ಹೆಸರೊಂದನ್ನು. ನಾಲ್ಕನೆಯದಂತೂ ರೋಗವೇ ಅಲ್ಲ, ಚಿಕಿತ್ಸೆ. ಆದರೆ ಅದಕ್ಕೆ ದಿನಾಂಕವುಂಟು, ಎದೆಯ ಮೇಲೆ ಗಾಯದ ಗುರುತುಂಟು. ಮರಣಕ್ಕಿದ್ದ ನಿಶ್ಚಿತತೆಯನ್ನು ಹೀಗೆ ರೋಗಕ್ಕೂ ತಂದುಕೊಟ್ಟರು. ರೋಗವಿಮೆಯು ಪ್ರತ್ಯೇಕವಾಗಿದ್ದಲ್ಲಿ ರೋಗನಿರ್ಣಯವಾದ ಬಳಿಕ ಸಾಮಾನ್ಯವಾಗಿ 14ರಿಂದ 30 ದಿವಸ ಬದುಕಿರಬೇಕೆಂಬ ನಿಯಮವೂ ಬಂದಿತು. ಸತ್ತರೆ ಸಿಕ್ಕುತ್ತಿದ್ದ ಹಣವು ಸತ್ತರೆ ಸಿಕ್ಕದಾಯಿತು!

ಅದೇ ದಶಕದಲ್ಲಿ ಏಡ್ಸ್ ರೋಗವು ಗ್ರಿಗ್ಸ್‌ಬಿಯ ವ್ಯಾಪಾರವನ್ನು ಮತ್ತೆ ಎಬ್ಬಿಸಿತು. ಸಾವು ಸಮೀಪಿಸಿದ ತರುಣರು ತಮ್ಮ ವಿಮಾಪತ್ರಗಳನ್ನು ಅಪರಿಚಿತರಿಗೆ ಮಾರತೊಡಗಿದರು. ಈ ಕ್ರಯಕ್ಕೆ ವಯಾಟಿಕಲ್ ಎಂದು ಹೆಸರು. ಲ್ಯಾಟಿನ್ನಿನ ವಯಾಟಿಕುಮ್ ಎಂದರೆ ಪ್ರಯಾಣಿಕನ ಬುತ್ತಿ, ಸಂಸ್ಕೃತದ ಪಾಥೇಯ. ಕ್ರೈಸ್ತರಲ್ಲಿ ಅಂತ್ಯಕಾಲದ ಪ್ರಸಾದಕ್ಕೂ ಅದೇ ಮಾತು. ಹೆಸರು ಸೊಗಸಾಗಿದೆ, ವ್ಯಾಪಾರವು ಅಷ್ಟು ಸೊಗಸಲ್ಲ. 1990ರಲ್ಲಿ ಅಮೆರಿಕದ ಪ್ರುಡೆನ್ಷಿಯಲ್ ಕಂಪೆನಿಯು ಮರಣಾಸನ್ನರಿಗೆ ಮರಣಧನವನ್ನು ಮುಂಗಡವಾಗಿ ತಾನೇ ಕೊಡಲು ತೊಡಗಿತು. 24 ತಿಂಗಳೊಳಗೆ ಸಾವು ನಿರೀಕ್ಷಿತವೆಂದು ವೈದ್ಯನು ಬರೆದುಕೊಟ್ಟರೆ ಇಂತಹ ಹಣಕ್ಕೆ ವರಮಾನ ತೆರಿಗೆಯಿಲ್ಲವೆಂದು 1996ರ ಶಾಸನವು ವಿಧಿಸಿತು. ಅದೇ ವರ್ಷ ಏಡ್ಸಿಗೆ ಸಂಯುಕ್ತ ಔಷಧಿಗಳು ಬಳಕೆಗೆ ಬಂದು ರೋಗಿಗಳು ಬದುಕತೊಡಗಿದರು; ಅವರ ಸಾವನ್ನು ಕೊಂಡಿದ್ದವರು ಕಂತು ಕಟ್ಟುತ್ತ ಉಳಿದರು.

ಹೆಸರನ್ನು ನಂಬಿ ಕಟ್ಟಿದ ವಿಮೆಗೆ ಹೆಸರಿನ ಅರ್ಥವೇ ಬದಲಾದರೆ ಗತಿಯೇನು? 2000ದಲ್ಲಿ ಯೂರೋಪು ಅಮೆರಿಕಗಳ ಹೃದ್ರೋಗತಜ್ಞರು ಹೃದಯಾಘಾತದ ಲಕ್ಷಣವನ್ನು ರಕ್ತದಲ್ಲಿನ ಟ್ರೊಪೋನಿನ್ ಎಂಬ ಪದಾರ್ಥದ ಮೇಲೆ ಹೊಸದಾಗಿ ನಿರೂಪಿಸಿದರು. ಹಿಂದೆ ಎದೆನೋವೆನಿಸಿಕೊಳ್ಳುತ್ತಿದ್ದುದರಲ್ಲಿ ಕೆಲಭಾಗವು ಅಂದಿನಿಂದ ಹೃದಯಾಘಾತವಾಯಿತು. ಕಂಪೆನಿಗಳು ತಮ್ಮ ಪತ್ರಗಳಲ್ಲಿ ಟ್ರೊಪೋನಿನ್ನಿನ ಮಟ್ಟವನ್ನೇ ಬರೆಯಬೇಕಾಯಿತು. ಬ್ರಿಟನ್ನಿನ ವಿಮಾ ಕಂಪೆನಿಗಳ ಸಂಘವು ಇದಕ್ಕೂ ಮೊದಲೇ, 1999ರಲ್ಲಿ, ಎಲ್ಲರಿಗೂ ಸಮಾನವಾದ ವ್ಯಾಖ್ಯೆಗಳನ್ನು ಗೊತ್ತುಮಾಡಿದ್ದಿತು.

ಭಾರತದಲ್ಲಿ ಜೀವವಿಮಾ ನಿಗಮವು 1990ರ ದಶಕದಲ್ಲಿ ನಡೆಸಿದ ಆಶಾದೀಪ ಯೋಜನೆಯಲ್ಲಿಯೂ ನಾಲ್ಕೇ ವ್ಯಾಧಿಗಳಿದ್ದುವು. ಅರ್ಬುದ, ಪಾರ್ಶ್ವವಾಯು, ಬೈಪಾಸುಗಳು ಕೇಪ್‌ಟೌನಿನವೇ. ಹೃದಯಾಘಾತದ ಎಡೆಯಲ್ಲಿ ಎರಡು ಮೂತ್ರಪಿಂಡಗಳ ವೈಫಲ್ಯವು ಬಂದಿದ್ದಿತು. ವಿಮಾಮೊತ್ತದ ಅರ್ಧವನ್ನು ರೋಗಿಯ ಕೈಗೇ ಕೊಟ್ಟು ಮುಂದಿನ ಕಂತುಗಳನ್ನು ಬಿಡುತ್ತಿದ್ದರು. 2013ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು 11 ವ್ಯಾಧಿಗಳಿಗೆ ದೇಶಕ್ಕೆಲ್ಲ ಅನ್ವಯಿಸುವ ವ್ಯಾಖ್ಯೆಗಳನ್ನು ಕೊಟ್ಟಿತು. ಅವುಗಳಲ್ಲಿ ಪಾರ್ಶ್ವವಾಯುವಿನದನ್ನು ನೋಡಬಹುದು: ತಾತ್ಕಾಲಿಕವಾದ ಆಘಾತವು ಲೆಕ್ಕಕ್ಕಿಲ್ಲ, ನರಗಳ ಊನವು ಶಾಶ್ವತವಾದುದೆಂಬುದಕ್ಕೂ ಕಡೆಯಪಕ್ಷ ಮೂರು ತಿಂಗಳು ಉಳಿದುದೆಂಬುದಕ್ಕೂ ಪ್ರಮಾಣವಿರಬೇಕು. ಆ ಮೂರು ತಿಂಗಳು ತುಂಬುವವರೆಗೆ, ಕೈಕಾಲು ಬಿದ್ದು ಮಲಗಿದವನು ಮನೆಯವರ ಕಣ್ಣಿಗೆ ಪಾರ್ಶ್ವವಾಯುಪೀಡಿತನು. ವಿಮಾಪತ್ರದ ಮಟ್ಟಿಗೆ ಇನ್ನೂ ಅಲ್ಲ.