ಪದ ಪರಿಚಯ: ಗುಳಿಗಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಔಷಧದ ಅಂಗಡಿಯಲ್ಲಿ ‘ಮಾತ್ರೆ’ ಕೇಳುವವರು ಕಡಿಮೆ. ಅಲ್ಲಿ ಅದು ‘ಗುಳಿಗಿ’. ಬರಹದ ರೂಪ ಗುಳಿಗೆ, ಮೂಲ ಸಂಸ್ಕೃತದ ಗುಲಿಕಾ, ಗುಟಿಕಾ. ಅರ್ಥ, ಸಣ್ಣ ಉಂಡೆ. ಬೇರು, ತೊಗಟೆ ಅರೆದು ಅಂಗೈಯಲ್ಲಿ ಉಂಡೆ ಕಟ್ಟುತ್ತಿದ್ದ ಕಾಲದ ಹೆಸರು ಇಂದಿನ ಚಪ್ಪಟೆ ಬಿಲ್ಲೆಗೂ ಉಳಿದಿದೆ. ಮಾತ್ರೆಯ ಹುಟ್ಟು ಬೇರೆ. ಮಾತ್ರಾ ಎಂದರೆ ಅಳತೆ; ಛಂದಸ್ಸಿನ ಮಾತ್ರೆಯೂ ಅದೇ. ಒಂದು ಪದ ಆಕಾರ ಹೇಳುತ್ತದೆ, ಇನ್ನೊಂದು ಪ್ರಮಾಣ.

ವಾರ್ಡಿನ ಸಿಸ್ಟರ್‌ಗೆ ಎರಡೂ ಬೇಕು. “ಬಿಳಿ ಗುಳಿಗಿ ತಗೊಂಡೇನ್ರೀ ಅಕ್ಕಾರ” ಎನ್ನುವ ಅಜ್ಜನ ಚೀಟಿಯಲ್ಲಿ ಬಿಳಿಯವೇ ಎರಡಿರಬಹುದು: 40 ಮಿಲಿಗ್ರಾಂ ಫ್ಯುರೊಸೆಮೈಡ್, 10 ಮಿಲಿಗ್ರಾಂ ಅಟೊರ್ವಾಸ್ಟಾಟಿನ್. ಮೊದಲನೆಯದು ಮೂತ್ರಪಿಂಡದ ಮೂಲಕ ಉಪ್ಪು, ನೀರು ಹೊರಹಾಕಿ ಕಾಲಿನ ಬಾವು ಇಳಿಸುತ್ತದೆ. ತಾಸಿನೊಳಗೆ ಶುರುವಾಗುವ ಅದರ ಕೆಲಸ ಆರೆಂಟು ತಾಸು ನಡೆಯುತ್ತದೆ. ಸಂಜೆ ನುಂಗಿದರೆ ರಾತ್ರಿಯೆಲ್ಲ ಏಳಬೇಕು, ವಯಸ್ಸಾದವರು ಕತ್ತಲಲ್ಲಿ ಬೀಳಬಹುದು. ಅದಕ್ಕೇ ಮುಂಜಾನೆ ಕೊಡುವುದು. ವಿಜಯಪುರ ಸೀಮೆಯ ಬಿರುಬೇಸಿಗೆಯಲ್ಲಿ ಹೊಲಕ್ಕೆ ಹೋಗುವವರನ್ನಂತೂ ತಲೆಸುತ್ತು ಬರುತ್ತದೆಯೇ ಎಂದು ಕೇಳಲೇಬೇಕು. ಈ ಗುಳಿಗಿಯಿಂದ ಪೊಟ್ಯಾಸಿಯಂ ಇಳಿದರೆ ನಿಶ್ಶಕ್ತಿ, ಎದೆಬಡಿತದ ಏರುಪೇರು. ದಿನವೂ ತೂಕ ನೋಡುವುದು ಒಳ್ಳೆಯದು.

ಎರಡನೆಯದು ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಾಗುವುದನ್ನು ತಗ್ಗಿಸುತ್ತದೆ. ಕಾರಣವಿಲ್ಲದೆ ಮೈಕೈ ನೋವು, ಕಂದು ಮೂತ್ರ ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಬೇಕು.

ಆದ್ದರಿಂದ ‘ಬಿಳಿ ಗುಳಿಗಿ’ ಎಂಬ ಗುರುತು ಸಾಲದು. ಹೆಸರು, ಅಳತೆ, ಹೊತ್ತು ಮೂರನ್ನೂ ಮನೆಯವರ ಬಾಯಿಂದಲೇ ಹೇಳಿಸಬೇಕು. ಖಾಲಿ ಪಟ್ಟಿ ಬಿಸಾಡದೆ ಮುಂದಿನ ಸಲ ತರಲು ಹೇಳಬೇಕು.