ದೂರುವ ಬೆರಳು, ನ್ಯಾಯ ಕೇಳುವ ಧೈರ್ಯ

ಆದಾಮನು ಹವ್ವಳನ್ನು ದೂರಿದನು, ಹವ್ವಳು ಸರ್ಪವನ್ನು ದೂರಿದಳು (ಆದಿಕಾಂಡ 3). ಪಿಲಾತನು ಕೈ ತೊಳೆದುಕೊಂಡನು; ತೀರ್ಪು ಮಾತ್ರ ಅವನದೇ. ತನಗೆ ತಾನೇ ಸುಳ್ಳು ಹೇಳಿಕೊಳ್ಳುವುದು ಹೀಗೆ.

ಮುಳವಾಡ ಇರುವ ವಿಜಯಪುರ ಜಿಲ್ಲೆಯೂ ಸೇರಿದಂತೆ ಉತ್ತರ ಕರ್ನಾಟಕದಲ್ಲಿ ಬಡ ದಲಿತ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುತ್ತಿದ್ದರು. ಮನೆಯವರು ದೇವಿಯ ಇಚ್ಛೆ ಎಂದರು, ಊರಿನವರು ಪದ್ಧತಿ ಎಂದರು. 1982ರ ಕರ್ನಾಟಕದ ಕಾಯ್ದೆ ಈ ನೆಪಗಳನ್ನು ಒಪ್ಪಲಿಲ್ಲ. ಮಗಳನ್ನು ಬಿಟ್ಟ ಹೆತ್ತವರಿಗೆ ಇತರರಿಗಿಂತ ಹೆಚ್ಚಿನ ಶಿಕ್ಷೆ ಇಟ್ಟಿತು. ಮುಂದೆ ಮಾಜಿ ದೇವದಾಸಿಯರೇ ಸಂಘಟಿತರಾಗಿ ಪಿಂಚಣಿಗಾಗಿ, ಮಕ್ಕಳ ಹಕ್ಕುಗಳಿಗಾಗಿ ಹೋರಾಡಿದರು.

ಪ್ರಭು ಯೇಸುವಿನ ಸಾಮತಿಯ ವಿಧವೆಯೂ ಅನ್ಯಾಯಗಾರ ನ್ಯಾಯಾಧೀಶನನ್ನು ಬಿಡದೆ ಬೆನ್ನುಹತ್ತಿದಳು (ಲೂಕ 18:1-8). ನೊಂದವರಿಗೆ ಸಹಿಸಿಕೊಳ್ಳಿ ಎನ್ನುವುದು ಕ್ಷಮೆಯಲ್ಲ. ನಮ್ಮ ಪಾಲಿನ ತಪ್ಪನ್ನು ಒಪ್ಪಿ, ಅವರ ಜೊತೆ ನಿಂತು ನ್ಯಾಯ ಕೇಳುವುದೇ ನಿಜವಾದ ಪಶ್ಚಾತ್ತಾಪ.