ನೀಲಿ ತಿಮಿಂಗಿಲ, ಹೃದಯದಾಕಾರದ ಟಬ್ಬು ಮತ್ತು ಪಟೇಲರ ಮೋಟೆಲ್ಲು

ಮದುವೆಯ ವಾರ್ಷಿಕೋತ್ಸವಕ್ಕೆ ಹೆಂಡತಿಗೆ ಏನು ಕೊಡೋದು ಅನ್ನೋ ಪ್ರಶ್ನೆ ನನ್ನನ್ನು ಪ್ರತಿ ವರ್ಷ ತಪ್ಪದೇ ಕಾಡುತ್ತೆ. ಸೀರೆ, ಬಳೆ, ವಾಚು ಎಲ್ಲಾ ಮುಗಿದ ಮೇಲೆ ಒಂದು ವರ್ಷ ಏನೂ ತೋಚದೆ, ಬೆಳಗ್ಗೆ ಉಪ್ಪಿಟ್ಟು ತಿಂದವನೇ "ನಡಿ, ಒಂದು ಕಡೆ ಹೋಗಿಬರೋಣ" ಅಂತ ಡಲ್ಲಾಸಿನಿಂದ ಉತ್ತರಕ್ಕೆ ಕಾರು ಓಡಿಸಿದೆ. ಓಕ್ಲಹೋಮಾದ ಟಲ್ಸಾ ದಾಟಿ ಸ್ವಲ್ಪ ದೂರ ಹೋದರೆ ಕಟೂಸಾ ಅಂತ ಊರು. ಅಲ್ಲೊಂದು ಕೆರೆ. ಕೆರೆಯಲ್ಲಿ ಬಾಯಿ ತೆರೆದು ನಗ್ತಾ ಕೂತಿರೋ, ಟೋಪಿ ಹಾಕಿಕೊಂಡಿರೋ, ನೀಲಿ ಬಣ್ಣದ ಸಿಮೆಂಟಿನ ತಿಮಿಂಗಿಲ!

"ರೀ, ಇದೇನ್ರೀ ಇದು? ಬೆಳಗ್ಗಿಂದ ಕಾರಲ್ಲಿ ಕೂರಿಸಿಕೊಂಡು ಬಂದು ಸಿಮೆಂಟಿನ ಮೀನು ತೋರಿಸ್ತಿದ್ದೀರಾ?"

"ಮೀನಲ್ಲ ಕಣೇ, ತಿಮಿಂಗಿಲ. ಮೊದಲು ಕಥೆ ಕೇಳು."

ಕಥೆ ಇಷ್ಟು. ಹ್ಯೂ ಡೇವಿಸ್ ಅಂತ ಒಬ್ಬರು ಟಲ್ಸಾ ಮೃಗಾಲಯದ ನಿರ್ದೇಶಕರಾಗಿದ್ದವರು. ಅವರ ಹೆಂಡತಿ ಜೆಲ್ಟಾಗೆ ಪುಟ್ಟ ಪುಟ್ಟ ತಿಮಿಂಗಿಲದ ಗೊಂಬೆಗಳನ್ನು ಕೂಡಿಡೋ ಹವ್ಯಾಸ. ನಿವೃತ್ತರಾದ ಮೇಲೆ ಈ ಮನುಷ್ಯ ವಾರ್ಷಿಕೋತ್ಸವದ ಉಡುಗೊರೆ ಅಂತ 1970ರಲ್ಲಿ ಮನೆಯ ಕೆರೆಯಲ್ಲಿ ಕಬ್ಬಿಣದ ಪೈಪುಗಳ ಹಂದರ ಹಾಕಿ, ಅದರ ಮೇಲೆ ಸಿಮೆಂಟು ಮೆತ್ತೋಕೆ ಶುರು ಮಾಡಿದರು. ಎರಡು ವರ್ಷ ಹಿಡಿಯಿತು. 1972ರಲ್ಲಿ ಮುಗಿದಾಗ ಅದು 80 ಅಡಿ ಉದ್ದ, 20 ಅಡಿ ಎತ್ತರದ ತಿಮಿಂಗಿಲವಾಗಿತ್ತು. ಪಕ್ಕದಲ್ಲಿ ಜಾರುಬಂಡೆ, ಬಾಲದ ಮೇಲಿಂದ ನೀರಿಗೆ ಧುಮುಕೋಕೆ ಜಾಗ. ಇದ್ದದ್ದು ಮನೆಯವರಿಗಾಗಿ, ಆದರೆ ಪಕ್ಕದಲ್ಲೇ ರೂಟ್ 66 ಹೆದ್ದಾರಿ. ಹೋಗೋ ಬರೋರೆಲ್ಲ ಈಜೋಕೆ ಇಳಿದರು. ಕೊನೆಗೆ ಅವರು ಅದನ್ನು ಸಾರ್ವಜನಿಕರಿಗೇ ತೆರೆದುಬಿಟ್ಟರು.

ನನ್ನವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಷಹಜಹಾನ್ ಹೆಂಡತಿ ಸತ್ತ ಮೇಲೆ ಕಟ್ಟಿಸಿದ, ಅದೂ ಬೇರೆಯವರ ಕೈಲಿ. ಈ ಯಪ್ಪ ಬದುಕಿದ್ದಾಗಲೇ, ತನ್ನ ಕೈಯಾರೆ ಕಟ್ಟಿಕೊಟ್ಟಿದ್ದಾನೆ. ಇದೇ ವಾಸಿ ಅಲ್ವಾ?"

ಅವತ್ತಿಂದ ನನಗೆ ಈ ಹುಚ್ಚು ಹಿಡಿದಿದೆ. ಅಮೆರಿಕದ ಹಳೇ ರಸ್ತೆಗಳ ಪಕ್ಕ ಇಂಥ ವಿಚಿತ್ರಗಳು ಯಾಕೆ ಹುಟ್ಟಿದವು, ಯಾಕೆ ಸತ್ತವು, ಸತ್ತಿದ್ದರಲ್ಲಿ ಕೆಲವು ಹೇಗೆ ಬದುಕಿ ಉಳಿದವು ಅಂತ.

*

ಇಂಥವಕ್ಕೆ ಇಲ್ಲಿನವರು 'ಕಿಟ್ಷ್' ಅಂತಾರೆ. ಕನ್ನಡದಲ್ಲಿ ಒಂದೇ ಪದ ಸಿಗಲ್ಲ. ಜಾತ್ರೆಯ ಫೋಟೋ ಸ್ಟುಡಿಯೋದಲ್ಲಿ ವಿಮಾನದ ಪರದೆ ಮುಂದೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತು ತೆಗೆಸಿದ ಫೋಟೋ ನೆನಪಿಸಿಕೊಳ್ಳಿ. ನೋಡಿದರೆ ನಗು ಬರುತ್ತೆ, ಹರಿದು ಬಿಸಾಡೋಕೆ ಮಾತ್ರ ಮನಸ್ಸು ಬರಲ್ಲ. ಅದೇ ಜಾತಿ ಇದು.

ಕಾರು ಬರೋಕೆ ಮುಂಚೆಯೇ ಇದರ ಬೀಜ ಬಿದ್ದಿತ್ತು. 1881ರಲ್ಲಿ ನ್ಯೂಜೆರ್ಸಿಯ ಸಮುದ್ರ ತೀರದಲ್ಲಿ ಜೇಮ್ಸ್ ಲಾಫರ್ಟಿ ಎಂಬಾತ ಸೈಟು ಮಾರಬೇಕಿತ್ತು. ಗಿರಾಕಿಗಳನ್ನು ಸೆಳೆಯೋಕೆ ಮರ ಮತ್ತು ತಗಡಿನಲ್ಲಿ ಆರು ಮಹಡಿ ಎತ್ತರದ ಆನೆ ಕಟ್ಟಿದ. ಲೂಸಿ ಅಂತ ಅದರ ಹೆಸರು. ಬೆನ್ನ ಮೇಲೆ ಅಂಬಾರಿ ಬೇರೆ ಇದೆ! ಅಂಬಾರಿಯಲ್ಲಿ ನಿಂತು ಸಮುದ್ರ ನೋಡಬಹುದು, ಸೈಟೂ ನೋಡಬಹುದು. 1970ರಲ್ಲಿ ಇನ್ನೇನು ಕೆಡವುತ್ತಾರೆ ಅನ್ನೋವಾಗ ಊರಿನವರು ದುಡ್ಡು ಕೂಡಿಸಿ ಆ ಆನೆಯನ್ನು ಎಳೆಸಿಕೊಂಡು ಹೋಗಿ ಬೇರೆ ಜಾಗದಲ್ಲಿ ನಿಲ್ಲಿಸಿದರು. 1976ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೂ ಆಯಿತು.

ಕಾರು ಬಂದ ಮೇಲೆ ಹುಚ್ಚು ಹೆಚ್ಚಾಯಿತು. 1925ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೋದಲ್ಲಿ ಆರ್ಥರ್ ಹೈನ್‌ಮನ್ ಅನ್ನೋ ವಾಸ್ತುಶಿಲ್ಪಿ 'ಮೋಟರ್' ಮತ್ತು 'ಹೋಟೆಲ್' ಎರಡನ್ನೂ ಸೇರಿಸಿ 'ಮೋಟೆಲ್' ಅನ್ನೋ ಪದ ಟಂಕಿಸಿದ. ಮರುವರ್ಷ, 1926ರಲ್ಲಿ, ಷಿಕಾಗೋದಿಂದ ಲಾಸ್ ಏಂಜಲೀಸ್ ಕಡೆಗೆ ಹೋಗೋ ರೂಟ್ 66 ಹುಟ್ಟಿತು. ಸುಮಾರು 2,400 ಮೈಲಿ ದಾರಿ, ಊರೂರಿನ ಮಧ್ಯೆ ನುಗ್ಗಿ ಹೋಗುತ್ತಿತ್ತು. ದಾರಿಯುದ್ದಕ್ಕೂ ಪೆಟ್ರೋಲ್ ಬಂಕು, ಊಟದ ಹೋಟ್ಲು, ಮೋಟೆಲ್ಲು. ಎಲ್ಲರ ಕಷ್ಟವೂ ಒಂದೇ, ಭರ್ರಂತ ಹೋಗೋ ಕಾರಿನವನು ಬ್ರೇಕ್ ಒತ್ತಬೇಕು. ಬೋರ್ಡು ಓದೋಕೆ ಅವನಿಗೆ ಪುರಸೊತ್ತಿಲ್ಲ. ಅದಕ್ಕೆ ಕಟ್ಟಡವೇ ಬೋರ್ಡಾಗಬೇಕು!

ಕೆಂಟಕಿಯ ಫ್ರಾಂಕ್ ರೆಡ್‌ಫೋರ್ಡ್ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವನು. ಗೋಪುರದ ಥರ ಚೂಪಾದ ಕಾಂಕ್ರೀಟ್ ಡೇರೆಗಳು, ಒಂದೊಂದು ಡೇರೆಯೂ ಒಂದೊಂದು ರೂಮು. 1936ರಲ್ಲಿ ವಿನ್ಯಾಸಕ್ಕೆ ಪೇಟೆಂಟೂ ಪಡೆದ. 'ವಿಗ್‌ವಾಮ್ ವಿಲೇಜ್' ಅಂತ ಹೆಸರಿಟ್ಟ. ನಿಜ ಹೇಳಬೇಕೆಂದರೆ ಆ ಆಕಾರಕ್ಕೆ 'ಟೀಪೀ' ಅನ್ನಬೇಕು, ಗ್ರೇಟ್ ಪ್ಲೇನ್ಸ್ ಬಯಲಿನ ಮೂಲನಿವಾಸಿಗಳು ತೊಗಲಿನಲ್ಲಿ ಕಟ್ಟುತ್ತಿದ್ದ ಡೇರೆ ಅದು. ವಿಗ್‌ವಾಮ್ ಬೇರೆಯೇ ಜನರ ಗುಂಡನೆಯ ಗುಡಿಸಲು. ರೆಡ್‌ಫೋರ್ಡನಿಗೆ 'ಟೀಪೀ' ಅನ್ನೋ ಪದ ಹಿಡಿಸಲಿಲ್ಲವಂತೆ, ಅಷ್ಟೇ! ಒಟ್ಟು ಏಳು ಕಟ್ಟಿದರು. ಉಳಿದಿರೋದು ಮೂರು: ಕೆಂಟಕಿಯ ಕೇವ್ ಸಿಟಿಯಲ್ಲಿ 1937ರದ್ದು, ಅರಿಜೋನಾದ ಹಾಲ್‌ಬ್ರೂಕ್‌ನಲ್ಲಿ 1950ರದ್ದು, ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ 1940ರ ದಶಕದ ಕೊನೆಯದ್ದು. ಹಾಲ್‌ಬ್ರೂಕ್‌ನಲ್ಲಿ ಕಟ್ಟಿದ ಚೆಸ್ಟರ್ ಲೂಯಿಸ್ ವಿನ್ಯಾಸಕ್ಕೆ ಕೊಟ್ಟ ಬೆಲೆ ಏನು ಗೊತ್ತೇ? ರೂಮುಗಳಲ್ಲಿ ಕಾಸು ಹಾಕಿದರೆ ಹಾಡೋ ರೇಡಿಯೋ ಇಡೋದು, ಅರ್ಧ ಗಂಟೆಗೆ ಹತ್ತು ಸೆಂಟು, ಆ ಚಿಲ್ಲರೆಯೆಲ್ಲ ರೆಡ್‌ಫೋರ್ಡನಿಗೆ!

*

ರಸ್ತೆ ಹುಟ್ಟಿಸಿದ್ದನ್ನು ರಸ್ತೆಯೇ ಕೊಂದಿತು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಕಾನೂನಿನಿಂದ 41,000 ಮೈಲಿಗಳ ಇಂಟರ್‌ಸ್ಟೇಟ್ ಹೆದ್ದಾರಿಗಳ ಯೋಜನೆ ಶುರುವಾಯಿತು. ಅವು ಊರೊಳಗೆ ಬರಲಿಲ್ಲ, ಊರನ್ನು ಸುತ್ತಿಕೊಂಡು ಹೋದವು. ನಮ್ಮಲ್ಲಿ 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಆದ ಮೇಲೆ ಚನ್ನಪಟ್ಟಣದ ಗೊಂಬೆ ಅಂಗಡಿಯವರು, ಮದ್ದೂರಿನ ಹೋಟೆಲಿನವರು ಪಟ್ಟ ಪಾಡು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ರೂಟ್ 66ರಲ್ಲಿ ಕೊನೆಯದಾಗಿ ಬೈಪಾಸ್ ಆದ ಊರು ಅರಿಜೋನಾದ ವಿಲಿಯಮ್ಸ್, 1984ರಲ್ಲಿ. ಮರುವರ್ಷ, 1985ರ ಜೂನಿನಲ್ಲಿ, ರೂಟ್ 66 ಅನ್ನೋ ನಂಬರನ್ನೇ ಹೆದ್ದಾರಿಗಳ ಪಟ್ಟಿಯಿಂದ ಕಿತ್ತುಹಾಕಿದರು. ಕಟೂಸಾದ ತಿಮಿಂಗಿಲವೂ 1988ರಲ್ಲಿ ಬಾಗಿಲು ಹಾಕಿತು. ಹ್ಯೂ ಡೇವಿಸ್ 1990ರಲ್ಲಿ ತೀರಿಕೊಂಡರು. ನೀಲಿ ಬಣ್ಣ ಸಿಪ್ಪೆ ಎದ್ದಿತು.

ಇನ್ನು ಹನಿಮೂನಿನವರ ಕಥೆ. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಬಂದು ಗುಂಪುಗುಂಪಾಗಿ ಮದುವೆಯಾದರು. ಪೆನ್ಸಿಲ್ವೇನಿಯಾದ ಪೋಕೊನೋ ಬೆಟ್ಟಗಳಲ್ಲಿ 1945ರಿಂದ ನವದಂಪತಿಗಳಿಗಾಗಿಯೇ ರೆಸಾರ್ಟುಗಳು ಎದ್ದವು. ಅಲ್ಲಿನ ಕೋವ್ ಹೇವನ್ ಅನ್ನೋ ಕಡೆ, ನೌಕಾಪಡೆಯಲ್ಲಿ ಜಲಾಂತರ್ಗಾಮಿಯ ಎಲೆಕ್ಟ್ರಿಷಿಯನ್ ಆಗಿದ್ದ ಮಾರಿಸ್ ವಿಲ್ಕಿನ್ಸ್ ಎಂಬಾತ 1963ರಲ್ಲಿ ಹೃದಯದಾಕಾರದ ಕೆಂಪು ಬಾತ್‌ಟಬ್ ಮಾಡಿದ. 1971ರಲ್ಲಿ ಲೈಫ್ ಪತ್ರಿಕೆಯಲ್ಲಿ ಅದರ ಫೋಟೋ ಬಂದಿದ್ದೇ ತಡ, ದೇಶವೆಲ್ಲ ಅದನ್ನು ನಕಲು ಮಾಡಿತು. ವಿಲ್ಕಿನ್ಸ್ ಸುಮ್ಮನೆ ಕೂರದೆ 1984ರಲ್ಲಿ ಏಳು ಅಡಿ ಎತ್ತರದ ಶಾಂಪೇನ್ ಗ್ಲಾಸಿನ ಆಕಾರದ ಟಬ್ಬು ಮಾಡಿದ. ಗಂಡ ಹೆಂಡತಿ ಗ್ಲಾಸಿನೊಳಗೆ ಹತ್ತಿ ಕೂರಬೇಕು!

ಆದರೆ ವಿಮಾನದ ಟಿಕೆಟ್ಟು ಅಗ್ಗವಾಯಿತು, ಹನಿಮೂನಿನವರು ಸಮುದ್ರದ ಕಡೆ ಹಾರಿದರು. ಪೋಕೊನೋದ ದೊಡ್ಡ ಹೆಸರಾಗಿದ್ದ ಮೌಂಟ್ ಏರಿ ಲಾಡ್ಜ್ 2001ರಲ್ಲಿ ಮುಚ್ಚಿತು, ಅದೇ ಜಾಗದಲ್ಲಿ 2007ರಲ್ಲಿ ಕ್ಯಾಸಿನೋ ಬಂತು. ಪೆನ್ ಹಿಲ್ಸ್ 2009ರಲ್ಲಿ ಮುಚ್ಚಿತು. ಆಮೇಲೆ ಅದರ ಫೋಟೋಗಳನ್ನು ನೋಡಿದರೆ ಕರುಳು ಚುರಕ್ ಅನ್ನುತ್ತೆ, ಸೂರು ಸೋರಿ, ಯಾರದೋ ಮೊದಲ ರಾತ್ರಿಯ ಹೃದಯದ ಟಬ್ಬಿನೊಳಗೆ ಗಾರೆ, ಎಲೆ, ಧೂಳು.

*

ಇಷ್ಟು ಓದಿ "ಛೆ, ಎಂಥ ಚೆಂದದ ಕಾಲ ಅದು" ಅಂತ ನಿಟ್ಟುಸಿರು ಬಿಡೋಕೆ ಹೊರಟಿದ್ದೆ. ಆಗ ನನ್ನವಳು ಕೇಳಿದ ಒಂದು ಪ್ರಶ್ನೆ ನನ್ನನ್ನು ನಿಲ್ಲಿಸಿತು. "ಅಲ್ಲಾ ರೀ, 1950ರಲ್ಲಿ ನಾವಿಬ್ಬರು ಹೋಗಿದ್ದರೆ ನಮಗೆ ರೂಮು ಕೊಡ್ತಿದ್ರಾ?"

ಖಂಡಿತಾ ಹೇಳೋಕಾಗಲ್ಲ. ಕಪ್ಪು ಜನರಿಗಂತೂ ಬಹುತೇಕ ಕಡೆ ಕೊಡುತ್ತಿರಲಿಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನ ಅಂಚೆಯವ ವಿಕ್ಟರ್ ಹ್ಯೂಗೋ ಗ್ರೀನ್ 1936ರಿಂದ 'ಗ್ರೀನ್ ಬುಕ್' ಅಂತ ಕೈಪಿಡಿ ತರುತ್ತಿದ್ದ. ಕಪ್ಪು ಪ್ರಯಾಣಿಕರಿಗೆ ಎಲ್ಲಿ ಊಟ ಸಿಗುತ್ತೆ, ಎಲ್ಲಿ ಹಾಸಿಗೆ ಸಿಗುತ್ತೆ ಅನ್ನೋ ಪಟ್ಟಿ ಅದು. ರೂಟ್ 66ರ ಎಷ್ಟೋ ಊರುಗಳಲ್ಲಿ ಕತ್ತಲಾಗೋ ಮುಂಚೆ ಅವರು ಊರು ಬಿಡಬೇಕಿತ್ತು. ಪೋಕೊನೋ ರೆಸಾರ್ಟುಗಳಲ್ಲಿ ತಮ್ಮವರಿಗೆ ಜಾಗವಿಲ್ಲ ಅಂತ ಆಲ್ಬರ್ಟ್ ಮರ್ರಿ ಮತ್ತು ಅವರ ಪತ್ನಿ ಒಡೆಟ್ಟಾ 1955ರಲ್ಲಿ ಹಿಲ್‌ಸೈಡ್ ಇನ್ ಅನ್ನೋ ತಮ್ಮದೇ ಜಾಗ ತೆರೆದರು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂದಾಗ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದು ಯಾರು? ಅಟ್ಲಾಂಟಾದ ಒಂದು ಮೋಟೆಲ್ಲು, ಹೆಸರು 'ಹಾರ್ಟ್ ಆಫ್ ಅಟ್ಲಾಂಟಾ'. ಅದು ಸೋತಿತು, ಪುಣ್ಯ.

ಇನ್ನು ನಮ್ಮವರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಸಿಖ್ ಸೈನಿಕನ ಮೊಕದ್ದಮೆಯಲ್ಲಿ ಭಾರತೀಯರು ಅಮೆರಿಕದ ಪೌರರಾಗಲು ಅರ್ಹರಲ್ಲ ಅಂತ ಇದೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ಪೌರತ್ವದ ದಾರಿ ತೆರೆದಿದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರು ಜನ ವಲಸಿಗರಿಗೆ ಮಾತ್ರ ಅವಕಾಶ. 1965ರ ವಲಸೆ ಕಾನೂನು ಬಂದ ಮೇಲೆಯೇ ನಾವು ಇಲ್ಲಿ ದೊಡ್ಡ ಸಂಖ್ಯೆಯಲ್ಲಿ ಕಾಣಿಸಿಕೊಂಡಿದ್ದು. ಆಗ ಬಂದ ಗುಜರಾತಿಗಳು, 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಓಡಿಸಿದವರಲ್ಲಿ ಕೆಲವರೂ ಸೇರಿ, ಕೈ ಹಾಕಿದ್ದು ಇದೇ ಬೈಪಾಸ್ ಆದ ಮೋಟೆಲ್ಲುಗಳಿಗೆ. 1973ರ ತೈಲ ಬಿಕ್ಕಟ್ಟಿನಿಂದ ಓಡಾಟ ಕಮ್ಮಿಯಾಗಿ ಮೋಟೆಲ್ಲುಗಳು ಅಗ್ಗಕ್ಕೆ ಸಿಗುತ್ತಿದ್ದವು. ಆಫೀಸಿನ ಹಿಂದಿನ ರೂಮಿನಲ್ಲೇ ಸಂಸಾರ, ಗಂಡ ನಲ್ಲಿ ರಿಪೇರಿ, ಹೆಂಡತಿ ಹಾಸಿಗೆ ಹೊದಿಕೆ, ಮಕ್ಕಳು ಕೌಂಟರಿನಲ್ಲಿ ಹೋಂವರ್ಕು. ಪಕ್ಕದವರು 'ಅಮೆರಿಕನ್ನರ ಒಡೆತನದ್ದು' ಅಂತ ಬೋರ್ಡು ಹಾಕಿಕೊಂಡು ಚುಚ್ಚಿದರು, ವಿಮೆಯವರು ವಿಮೆ ಕೊಡಲಿಲ್ಲ. 1989ರಲ್ಲಿ ಅವರು ತಮ್ಮದೇ ಸಂಘ ಕಟ್ಟಿಕೊಂಡರು. ಇವತ್ತು ಅಮೆರಿಕದ ಹೋಟೆಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಸಂಘದ ಸದಸ್ಯರ ಕೈಯಲ್ಲಿವೆ.

ಸ್ಯಾನ್ ಬರ್ನಾರ್ಡಿನೋದ ಆ ಕಾಂಕ್ರೀಟ್ ಡೇರೆಗಳೂ ಅಷ್ಟೇ. ಕೊನೆಕೊನೆಗೆ ಅದು ಮರ್ಯಾದಸ್ಥರು ಹೋಗೋ ಜಾಗವಾಗಿ ಉಳಿದಿರಲಿಲ್ಲ, ಮುಂದೆ ಪೋಲಿ ಅರ್ಥದ ಬೋರ್ಡು ಬೇರೆ ನಿಂತಿತ್ತು. 2003ರಲ್ಲಿ ಪಟೇಲ್ ಕುಟುಂಬವೊಂದು ಅದನ್ನು ಕೊಂಡಿತು. ಕೆಡವಿ ಸೈಟು ಮಾಡಲಿಲ್ಲ. ಗಾರೆ ಮೆತ್ತಿ, ಬಣ್ಣ ಬಳಿದು, ಸಂಸಾರಸ್ಥರು ಬಂದು ಇಳಿಯೋ ಹಾಗೆ ಮಾಡಿದರು. 2005ರಲ್ಲಿ ರೂಟ್ 66ರ ಅಭಿಮಾನಿಗಳ ಒಕ್ಕೂಟ ಆ ಕೆಲಸಕ್ಕೆ ಪ್ರಶಸ್ತಿ ಕೊಟ್ಟಿತು. ಅಮೆರಿಕನ್ ಮೂಲನಿವಾಸಿಗಳನ್ನು 'ಇಂಡಿಯನ್' ಅಂತ ತಪ್ಪಾಗಿ ಕರೆದು, ಅವರ ಡೇರೆಗೆ ತಪ್ಪು ಹೆಸರಿಟ್ಟು ಕಟ್ಟಿದ ಮೋಟೆಲ್ಲನ್ನು ಕೊನೆಗೆ ಉಳಿಸಿದ್ದು ನಿಜವಾದ ಇಂಡಿಯನ್ನರು!

ಇಲ್ಲೊಂದು ತಪ್ಪೊಪ್ಪಿಗೆ. ಹೊಸದಾಗಿ ಅಮೆರಿಕಕ್ಕೆ ಬಂದಾಗ ನಾವು ಸಾಫ್ಟ್‌ವೇರ್ ಹುಡುಗರು ವಾರಾಂತ್ಯದಲ್ಲಿ ಕೂತು 'ಪಟೇಲ್ ಮೋಟೆಲ್' ಜೋಕುಗಳನ್ನು ಹೇಳಿಕೊಂಡು ನಗ್ತಿದ್ವಿ. ಆಫೀಸಿಗೆ ಕಾಲಿಟ್ಟರೆ ಬರೋ ವಗ್ಗರಣೆ ವಾಸನೆ, ಗೋಡೆ ಮೇಲಿನ ಸ್ವಾಮಿನಾರಾಯಣನ ಕ್ಯಾಲೆಂಡರು ಎಲ್ಲ ನಮಗೆ ತಮಾಷೆ. ಎಲ್ಲಾ ಬಿಟ್ಟುಹೋದ ರಸ್ತೆಯಲ್ಲಿ ರಾತ್ರಿ ಹನ್ನೆರಡಕ್ಕೂ ಒಂದು ದೀಪ ಉರಿಯುತ್ತಿದ್ದರೆ ಅದನ್ನು ಹಚ್ಚಿಟ್ಟವರು ಅವರು ಅಂತ ಅವತ್ತು ತಲೆಗೆ ಹೋಗಿರಲಿಲ್ಲ.

ಹಳೆಯದು ಉಳಿಯೋದು ಹಳೆಯದರ ಮಹಿಮೆಯಿಂದ ಅಲ್ಲ, ಬೆಳಗ್ಗೆ ಎದ್ದು ಗುಡಿಸಿ ಸಾರಿಸೋಕೆ ಒಬ್ಬರಿದ್ದರೆ ಮಾತ್ರ. ಎಷ್ಟೋ ಸಲ ಆ ಒಬ್ಬರು, ಅದನ್ನು ಕಟ್ಟಿದ ಕಾಲದಲ್ಲಿ ಹೊಸ್ತಿಲ ಹೊರಗೆ ನಿಲ್ಲಬೇಕಾಗಿದ್ದವರು.

*

ಕಟೂಸಾದ ತಿಮಿಂಗಿಲಕ್ಕೂ ಊರಿನವರೇ ಮುಂದೆ ನಿಂತು ಮತ್ತೆ ನೀಲಿ ಬಣ್ಣ ಬಳಿದರು. ಜೆಲ್ಟಾ 2001ರಲ್ಲಿ ತೀರಿಕೊಂಡರು. 2020ರಲ್ಲಿ ಊರಿನ ಆಡಳಿತವೇ ಆ ಜಾಗವನ್ನು ಕೊಂಡುಕೊಂಡಿತು. ಈಗ ಅಲ್ಲಿ ಈಜೋ ಹಾಗಿಲ್ಲ, ಆದರೆ ತಿಮಿಂಗಿಲದ ಬಾಯೊಳಗೆ ನಡೆದುಕೊಂಡು ಹೋಗಿ ಬಾಲದ ತನಕ ಬರಬಹುದು. ನಾವಿಬ್ಬರೂ ಹೋಗಿಬಂದೆವು.

ವಾಪಸ್ಸು ಬರೋವಾಗ ನನ್ನವಳು ಅಲ್ಲಿನ ಅಂಗಡಿಯಲ್ಲಿ ಅಂಗೈಯಗಲದ ನೀಲಿ ತಿಮಿಂಗಿಲ ಒಂದನ್ನು ಕೊಂಡಳು. ಈಗ ಅದು ನಮ್ಮ ಮನೆಯ ಷೋಕೇಸಿನಲ್ಲಿ ಅವಳ ತವರಿಂದ ಬಂದ ಚನ್ನಪಟ್ಟಣದ ಮರದ ಗೊಂಬೆಗಳ ಪಕ್ಕ ಕೂತಿದೆ. ಧೂಳು ಒರೆಸೋ ಕೆಲಸ ನನ್ನದು. ವಾರ್ಷಿಕೋತ್ಸವದ ಉಡುಗೊರೆ ಅದೇ ಅಂತ ತೀರ್ಮಾನವಾಗಿದೆ.

ನೀವೂ ಎಲ್ಲಾದರೂ ಹೈವೇ ಬಿಟ್ಟು ಹಳೇ ರಸ್ತೆಗೆ ಇಳಿದಾಗ ಇಂಥದ್ದೇನಾದರೂ ಕಂಡಿದ್ದರೆ ಬರೆದು ತಿಳಿಸಿ. ಫೋಟೋಗಿಂತ ಹೆಚ್ಚಾಗಿ, ಅದನ್ನು ಗುಡಿಸಿ ಒರೆಸೋರು ಯಾರು ಅಂತ ಕೇಳಿಕೊಂಡು ಬಂದು ಬರೆಯಿರಿ.